ಕ್ರಾಸ್ ಹೇಂಟೆಯ ಮೊಟ್ಟೆಗೆ ಕಾವು ಕೊಡುವ ಮುನ್ನ

"ಡಾಕ್ಟ್ರೇ, ಈ ಹೇಂಟೆ ಬಿಡುವೇ ಇಲ್ಲದೆ ಮೊಟ್ಟೆ ಇಡುತ್ತೆ. ಇದರ ಮೊಟ್ಟೆಗೇ ಕಾವು ಕೊಡಿಸಿದ್ರೆ ಮರಿಗಳೂ ಹೀಗೇ ಆಗ್ತವೆ ಅಲ್ವಾ?"

ನನ್ನ ಬಳಿ ಬರುವ ಕೋಳಿ ಸಾಕುವವರಲ್ಲಿ, ಎರಡು ಬೇರೆ ತಳಿ ಸೇರಿ ಹುಟ್ಟಿದ ಕ್ರಾಸ್ ಹೇಂಟೆ ಇರುವ ಬಹಳ ಮಂದಿ ಇದನ್ನೇ ಕೇಳುತ್ತಾರೆ. ಆಗಲ್ಲ ಅಂದರೆ ಮುಖ ಬಾಡುತ್ತದೆ. ಮನೆಗೆ ಹೋಗಿ ಮೊಟ್ಟೆಯನ್ನು ಕಾವಿಗೆ ಇಟ್ಟೇ ಇಡುತ್ತಾರೆ!

ಹೋದ ವರ್ಷ ಒಬ್ಬ ಹಿರಿಯರು ಹೀಗೇ ಮಾಡಿದರು. ಅವರ ಕೋಳಿಗಳು ರೋಡ್ ಐಲೆಂಡ್ ರೆಡ್ ಎಂಬ ಕೆಂಪು ತಳಿಯ ಹುಂಜ, ಲೈಟ್ ಸಸೆಕ್ಸ್ ಎಂಬ ಬಿಳುಪು ತಳಿಯ ಹೇಂಟೆ ಸೇರಿ ಹುಟ್ಟಿದವು. ಈ ಕ್ರಾಸ್‌ನಲ್ಲಿ ಮರಿ ಒಡೆದ ದಿನವೇ ಗಂಡು ಹೆಣ್ಣು ತಿಳಿಯುತ್ತದೆ. ಕೆಂಪು ಛಾಯೆಯದು ಹೆಣ್ಣು, ತೆಳು ಹಳದಿಯದು ಗಂಡು. ಅದೇ ನಂಬಿಕೆಯಲ್ಲಿ ಅವರು ಮುಂದಿನ ತಲೆಮಾರಿನ 29 ಮರಿಗಳನ್ನೂ ಬಣ್ಣ ನೋಡಿ ಆರಿಸಿದರು. ಕೆಂಪನ್ನೆಲ್ಲ ಇಟ್ಟುಕೊಂಡು ಹಳದಿಯನ್ನೆಲ್ಲ ಪಕ್ಕದವರಿಗೆ ಕೊಟ್ಟರು. ಎರಡು ತಿಂಗಳಾದ ಮೇಲೆ ನನ್ನನ್ನು ಕರೆದರು. ಒಂದು ಕೆಂಪು ಕೋಳಿಯನ್ನು ಎತ್ತಿ ನೋಡಿದೆ. ದಪ್ಪ ಕಾಲು, ಆಗಲೇ ಕೆಂಪೇರಿದ ದೊಡ್ಡ ಜುಟ್ಟು. ಹುಂಜವೇ. ಅವರು ಇಟ್ಟುಕೊಂಡಿದ್ದರಲ್ಲಿ ಹತ್ತಿರ ಅರ್ಧ ಹುಂಜಗಳು. ಪಾಪ, ಎಷ್ಟು ಆಸೆಯಿಂದ ಮೇವು ಹಾಕಿದ್ದರು.

ಆಗಿದ್ದಿಷ್ಟೇ. ಈ ಬಣ್ಣದ ಗುಣವನ್ನು ತಾಯಿ ಗಂಡು ಮರಿಗಳಿಗೆ ಮಾತ್ರ ಕೊಡುತ್ತದೆ. ಹೆಣ್ಣು ಮರಿಗೆ ಬರುವುದು ತಂದೆಯಿಂದ ಮಾತ್ರ. ಮೊದಲ ಕ್ರಾಸ್‌ನಲ್ಲಿ ತಂದೆ ಪೂರ್ತಿ ಕೆಂಪು, ಹಾಗಾಗಿ ಹೆಣ್ಣೆಲ್ಲ ಕೆಂಪು. ತಾಯಿಯ ಬಿಳುಪು ಕೆಂಪನ್ನು ಮುಚ್ಚುವುದರಿಂದ ಗಂಡೆಲ್ಲ ತೆಳು ಹಳದಿ. ಆದರೆ ಹೀಗೆ ಹುಟ್ಟಿದ ಹುಂಜದೊಳಗೆ ಎರಡೂ ಇವೆ. ಅದು ಒಂದು ಮರಿಗೆ ಬಿಳುಪು ಕೊಡುತ್ತದೆ, ಇನ್ನೊಂದಕ್ಕೆ ಕೆಂಪು. ಅದರ ಜೋಡಿ ಹೇಂಟೆಯಲ್ಲಿ ಇರುವುದು ಕೆಂಪೊಂದೇ. ಹಾಗಾಗಿ ಗಂಡಿನಲ್ಲೂ ಎರಡು ಬಣ್ಣ, ಹೆಣ್ಣಿನಲ್ಲೂ ಎರಡು ಬಣ್ಣ. ಬಣ್ಣ ನೋಡಿ ಏನೂ ಹೇಳಲಾಗದು. ಮೊದಲ ಕ್ರಾಸನ್ನೇ ತಿರುಗಿಸಿ, ಸಸೆಕ್ಸ್ ಹುಂಜವನ್ನು ಕೆಂಪು ಹೇಂಟೆಗೆ ಬಿಟ್ಟರೂ ಅಷ್ಟೇ: ಮರಿಗಳೆಲ್ಲ ತೆಳು ಬಣ್ಣದವೇ.

ಮೊಟ್ಟೆಯ ವಿಷಯವೂ ಹಾಗೇ. ಎರಡು ಬೇರೆ ತಳಿ ಸೇರಿದಾಗ ಬರುವ ಹೆಚ್ಚಿನ ಕಸುವು ಮೊದಲ ತಲೆಮಾರಿನಲ್ಲೇ ಜಾಸ್ತಿ. ಅವುಗಳನ್ನೇ ಒಂದಕ್ಕೊಂದು ಕೂಡಿಸಿದರೆ ಆ ಹೆಚ್ಚಿನ ಲಾಭದಲ್ಲಿ ಸುಮಾರು ಅರ್ಧ ಹೋಗುತ್ತದೆ. ಎಲ್ಲ ಮರಿಯೂ ಕೆಡುತ್ತದೆ ಅಂತ ನಾನು ಹೇಳುತ್ತಿಲ್ಲ. ಒಂದೆರಡು ತಾಯಿಯಷ್ಟೇ ಚೆನ್ನಾಗಿಯೂ ಬರಬಹುದು. ಯಾವುದು ಅಂತ ಮೊಟ್ಟೆಗೆ ಬರುವವರೆಗೆ ಗೊತ್ತಾಗಲ್ಲ, ಅಷ್ಟೇ. ಮನೆಮಟ್ಟಿಗೆ ಸಾಕುವವರು ಖುಷಿಯಾಗಿ ಮಾಡಿ. ಲೆಕ್ಕ ಹಾಕಿ ಸಾಕುವವರು ಸುಮ್ನೆ ನಷ್ಟಕ್ಕೆ ಬೀಳಬೇಡಿ.

ಅದೇ ಮರಿ ಮತ್ತೆ ಬೇಕಾದರೆ ಎರಡು ಶುದ್ಧ ತಳಿಗಳನ್ನು ಬೇರೆ ಬೇರೆ ಗೂಡಿನಲ್ಲಿ ಉಳಿಸಿಕೊಳ್ಳಬೇಕು. ಪ್ರತಿ ಸಲವೂ ಅಲ್ಲಿಂದಲೇ ಕ್ರಾಸ್ ಮಾಡಬೇಕು. ಹೇಂಟೆಯ ಜೊತೆ ಬೇರೆ ಹುಂಜ ಇದ್ದಿದ್ದರೆ ಅದನ್ನು ತೆಗೆದ ಮೇಲೆ ಮೂರು ವಾರವಾದರೂ ಕಾಯಿರಿ. ಹಳೇ ಹುಂಜದ ವೀರ್ಯ ಹೇಂಟೆಯೊಳಗೆ ಅಷ್ಟು ದಿನ ಉಳಿಯಬಹುದು. ಆ ಅವಧಿಯ ಮೊಟ್ಟೆ ತಿನ್ನಲು ಸರಿ, ಕಾವಿಗೆ ಬೇಡ.

ಆ ಹಿರಿಯರು ಈಗ ಎರಡು ಗೂಡು ಕಟ್ಟಿಸಿದ್ದಾರೆ. ಹುಂಜ ಬದಲಿಸಿ ಹತ್ತು ದಿನಕ್ಕೇ ಫೋನ್ ಮಾಡಿ, "ಇವತ್ತಿನ ಮೊಟ್ಟೆ ಇಡಬಹುದಾ?" ಅಂತ ಕೇಳಿದರು. ಇನ್ನೂ ಹನ್ನೊಂದು ದಿನ ತಡೆಯಿರಿ ಅಂದೆ.