ಗುರುತು, ಊರು, ‘ನಮ್ಮದು’ ಎಂಬ ಭಾವ: ಶಾಲಾಪೂರ್ವ ಶಿಕ್ಷಣ ಓದುವವರಿಗೆ ಟಿಪ್ಪಣಿ

ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ) ಓದುತ್ತಿರುವವರಿಗೆ, ಅಂಗನವಾಡಿ ತರಬೇತಿಯಲ್ಲಿರುವವರಿಗೆ ಈ ಟಿಪ್ಪಣಿ. ಗುರುತು, ಸ್ಥಳ, ಸೇರಿದ ಭಾವ ಎಂಬ ಮೂರು ವಿಷಯಗಳು ನಮ್ಮ ಪಠ್ಯದಲ್ಲಿ ಒಟ್ಟೊಟ್ಟಿಗೆ ಬರುತ್ತವೆ. ಮೂರಕ್ಕೂ ಬೇರೆ ಬೇರೆ ವ್ಯಾಖ್ಯಾನ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಆದರೆ ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ ಮೂರು ವರ್ಷದ ಕೂಸು ಬಾಗಿಲಲ್ಲೇ ಅವ್ವನ ಸೆರಗು ಹಿಡಿದು ನಿಂತಾಗ ಆ ವ್ಯಾಖ್ಯಾನ ಉಪಯೋಗಕ್ಕೆ ಬರುವುದಿಲ್ಲ. ಇಡೀ ಘಟಕದ ತಿರುಳು ನನಗೆ ಕಂಡದ್ದು ಹೀಗೆ: ಮಗು ಮನೆಯಿಂದ ತಂದ ಮಾತಿಗೆ, ತಿಳಿವಳಿಕೆಗೆ, ಕೈಯ ಚಳಕಕ್ಕೆ ಕೇಂದ್ರದೊಳಗೆ ಕೆಲಸ ಸಿಗಬೇಕು. ಸಿಕ್ಕರೆ ಮಗು ಅಲ್ಲಿ ಬೇರೂರುತ್ತದೆ.

‘ನಾನು’ ಹುಟ್ಟುವ ವಯಸ್ಸು

ಮೊದಲು ಮನೋವಿಜ್ಞಾನದ ಭಾಗ ಮುಗಿಸೋಣ. ಮಗುವಿಗೆ ಗೊತ್ತಾಗದಂತೆ ಮುಖಕ್ಕೆ ಬಣ್ಣದ ಚುಕ್ಕೆ ಇಟ್ಟು ಕನ್ನಡಿ ಮುಂದೆ ಕೂಡಿಸುವ ಪ್ರಯೋಗವನ್ನು ಬ್ಯೂಲಾ ಆಮ್‌ಸ್ಟರ್‌ಡಾಮ್ 1972ರಲ್ಲಿ ಪ್ರಕಟಿಸಿದರು. ಸುಮಾರು 18ರಿಂದ 24 ತಿಂಗಳ ನಡುವೆ ಮಕ್ಕಳು ಕನ್ನಡಿಯ ಬದಲು ತಮ್ಮ ಮುಖವನ್ನೇ ಮುಟ್ಟಿಕೊಳ್ಳಲು ಶುರುಮಾಡುತ್ತಾರೆ. ಅಂದರೆ ಅಂಗನವಾಡಿಗೆ ಬರುವ ಮಗುವಿಗೆ ‘ನಾನು’ ಎಂಬುದು ಆಗಲೇ ಗೊತ್ತು. ಆ ‘ನಾನು’ ಒಳ್ಳೆಯದೋ ಕೆಟ್ಟದ್ದೋ, ಇಲ್ಲಿ ಬೇಕಾದದ್ದೋ ಬೇಡವಾದದ್ದೋ ಎಂಬುದನ್ನು ಅದು ನಮ್ಮ ಮುಖ ನೋಡಿ ಕಲಿಯುತ್ತದೆ. ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಈ ವಯಸ್ಸನ್ನು ಉಪಕ್ರಮ (ತಾನೇ ಮುಂದಾಗಿ ಮಾಡುವುದು) ಮತ್ತು ಅಪರಾಧ ಭಾವಗಳ ಘಟ್ಟವೆಂದು ಕರೆದದ್ದನ್ನು ಇಲ್ಲಿ ಜೋಡಿಸಿಕೊಳ್ಳಿ.

ಕ್ಲಾರ್ಕ್ ದಂಪತಿಯ ಗೊಂಬೆ ಪ್ರಯೋಗವನ್ನು ಮಾತ್ರ ಚೆನ್ನಾಗಿ ಓದಿ. ಅಮೆರಿಕದ ಕೆನೆತ್ ಮತ್ತು ಮೇಮೀ ಕ್ಲಾರ್ಕ್ 1940ರ ದಶಕದಲ್ಲಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಮಿಕ್ಕೆಲ್ಲ ಒಂದೇ ಥರ ಇದ್ದ ಗೊಂಬೆಗಳನ್ನು ಇಟ್ಟರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯೇ ಒಳ್ಳೆಯದು ಎಂದರು. ಶಾಲೆಗಳಲ್ಲಿನ ವರ್ಣಭೇದ ಸಲ್ಲದೆಂದ ಅಲ್ಲಿನ ಸುಪ್ರೀಂ ಕೋರ್ಟಿನ 1954ರ ತೀರ್ಪು ಈ ಕೆಲಸವನ್ನು ಉಲ್ಲೇಖಿಸಿತು. ಈಗ ನಮ್ಮ ಕೇಂದ್ರಗಳ ಗೋಡೆ ನೋಡಿ. ‘ನನ್ನ ಕುಟುಂಬ’ ಚಾರ್ಟಿನಲ್ಲಿ ಬೆಳ್ಳಗಿನ ತಂದೆ, ಬೆಳ್ಳಗಿನ ತಾಯಿ, ಸೋಫಾ, ಎರಡೇ ಮಕ್ಕಳು. ಗಾರೆ ಕೆಲಸಕ್ಕೆ ಹೋಗುವ ಅಪ್ಪ, ಬೇರೆಯವರ ಹೊಲದಲ್ಲಿ ಕಳೆ ತೆಗೆಯುವ ಅವ್ವ, ಮುತ್ಯಾನ (ಅಜ್ಜನ) ಹತ್ತಿರ ಬೆಳೆಯುತ್ತಿರುವ ಮಗು ಆ ಚಾರ್ಟಿನಲ್ಲಿ ಎಲ್ಲಿದೆ? ಮಗು ಈ ಪ್ರಶ್ನೆ ಕೇಳುವುದಿಲ್ಲ, ಉತ್ತರವನ್ನು ಮಾತ್ರ ಕಲಿತುಬಿಡುತ್ತದೆ.

ಹೆಸರಿನ ವಿಷಯವೂ ಇದೇ ಪಂಕ್ತಿಯದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ ಹೆಸರಿನ ಹಕ್ಕನ್ನೂ 8ನೇ ವಿಧಿ ಗುರುತು ಉಳಿಸಿಕೊಳ್ಳುವ ಹಕ್ಕನ್ನೂ ಕೊಡುತ್ತವೆ. ಭಾರತ ಇದನ್ನು 1992ರಲ್ಲಿ ಒಪ್ಪಿಕೊಂಡಿತು. ಹೀಗಿದ್ದೂ ‘ಆ ತಾಂಡಾದ ಹುಡುಗಿ’, ‘ಗೌಂಡಿ ಮಗ’ ಎಂದು ಕರೆಯುವ ರೂಢಿ ನಮ್ಮಲ್ಲಿ ಹೋಗಿಲ್ಲ. ಊಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂಡುತ್ತಾರೆ, ಅಡುಗೆ ಯಾರು ಮಾಡಿದರು ಎಂದು ದೊಡ್ಡವರು ಆಡುವ ಪಿಸುಮಾತು ಮೂರು ವರ್ಷದ ಕಿವಿಗೂ ಬೀಳುತ್ತದೆ. ಈ ಜಾಗದಲ್ಲಿ ಶಿಕ್ಷಕಿ ಸುಮ್ಮನಿರುವಂತಿಲ್ಲ. ಒಂದೇ ಸಾಲು, ಎಲ್ಲರ ನಡುವೆ ತಾನೂ ಕೂತು ಉಣ್ಣುವುದು, ಪ್ರತಿ ಮಗುವನ್ನೂ ಅದರ ಹೆಸರಿನಿಂದಲೇ ಕರೆಯುವುದು: ಇಷ್ಟನ್ನು ಯಾವ ಸುತ್ತೋಲೆಗೂ ಕಾಯದೆ ಮೊದಲ ದಿನದಿಂದಲೇ ಮಾಡಬಹುದು.

ಸೇರಿದ ಭಾವ ಎಂದರೆ ಏನೇನು

ಇದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ವಿವರಣೆ ನ್ಯೂಜಿಲೆಂಡಿನ ಶಿಶು ಶಿಕ್ಷಣ ಪಠ್ಯಕ್ರಮ ‘ಟೆ ಫಾರಿಕಿ’ಯದು. 1996ರಲ್ಲಿ ಬಂದು 2017ರಲ್ಲಿ ಪರಿಷ್ಕರಣೆಯಾದ ಈ ಪಠ್ಯಕ್ರಮದ ಐದು ಎಳೆಗಳಲ್ಲಿ ಸೇರಿದ ಭಾವವೂ ಒಂದು. ಅಲ್ಲಿನ ಮೂಲನಿವಾಸಿ ಮಾವೊರಿ ಜನರ ದೃಷ್ಟಿಯಲ್ಲಿ ಅದು ನೆಲದೊಂದಿಗಿನ ಸಂಬಂಧ. ಆ ಎಳೆಯ ಕೆಳಗೆ ನಾಲ್ಕು ಗುರಿಗಳಿವೆ. ಮನೆ ಮತ್ತು ಹೊರಗಿನ ಲೋಕದ ನಂಟು ಗಟ್ಟಿಯಾಗಬೇಕು, ತನಗೊಂದು ಜಾಗವಿದೆ ಎಂದು ಮಗುವಿಗೆ ಗೊತ್ತಿರಬೇಕು, ಅಲ್ಲಿನ ದಿನಚರಿ ಮತ್ತು ರೂಢಿಗಳು ಅದಕ್ಕೆ ಹಿತವೆನಿಸಬೇಕು, ಯಾವುದು ಸರಿ ಯಾವುದು ಸಲ್ಲ ಎಂಬ ಗಡಿ ತಿಳಿದಿರಬೇಕು.

ಮೂರನೆಯದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಸೇರಿದ ಭಾವ ಎಂದರೆ ಮುದ್ದು ಮಾಡುವುದು ಅಂದುಕೊಳ್ಳುತ್ತೇವೆ. ಆದರೆ ಮುಂದೇನು ನಡೆಯುತ್ತದೆ ಎಂದು ಗೊತ್ತಿರುವುದೇ ಚಿಕ್ಕ ಮಗುವಿಗೆ ದೊಡ್ಡ ಧೈರ್ಯ. ಹಾಡು, ಆಟ, ಕೈ ತೊಳೆಯುವುದು, ಊಟ, ಅವ್ವ ಬರುವ ಹೊತ್ತು ದಿನಾ ಅದೇ ಕ್ರಮದಲ್ಲಿ ಬಂದರೆ ಅಳು ತಾನಾಗಿ ಇಳಿಯುತ್ತದೆ.

ಮನೆಯ ನಂಟಿಗೆ ಮನೋವಿಜ್ಞಾನಿ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ಮಂಡಿಸಿದ ಪರಿಸರ ವ್ಯವಸ್ಥೆಯ ಸಿದ್ಧಾಂತ ನೆನಪಿಸಿಕೊಳ್ಳಿ. ಮನೆ ಒಂದು ಸೂಕ್ಷ್ಮ ವ್ಯವಸ್ಥೆ (ಮಗು ನೇರವಾಗಿ ಒಡನಾಡುವ ಜಾಗ), ಅಂಗನವಾಡಿ ಇನ್ನೊಂದು. ಅವೆರಡರ ನಡುವಿನ ಕೊಂಡಿ ಮಧ್ಯಮ ವ್ಯವಸ್ಥೆ. ಪರೀಕ್ಷೆಯಲ್ಲಿ ವೃತ್ತಗಳ ಚಿತ್ರ ಬರೆಯುತ್ತೇವೆ. ಊರಲ್ಲಿ ಆ ಕೊಂಡಿ ಇರುವುದು ಹೊಸ್ತಿಲ ಮೇಲೆ, ಅವ್ವ ಮತ್ತು ಶಿಕ್ಷಕಿ ಆಡುವ ಇಂಥ ಮಾತಿನಲ್ಲಿ:

“ಅಕ್ಕೋರ, ರಾತ್ರಿ ಎಲ್ಲಾ ನಿದ್ದಿ ಮಾಡಿಲ್ರೀ, ಇವತ್ತ ಭಾಳ ಕಿರಿಕಿರಿ ಮಾಡಾಕತ್ತಾನ.”

“ಹೌದೇನ ಯವ್ವಾ, ಅವನ ಹಚ್ಚಡ ಇಲ್ಲೇ ಇಟ್ಟ ಹೋಗ. ಹಾಡಿನ ಹೊತ್ತಿಗೆ ಬ್ಯಾಡ ಅಂದ್ರ ಮಲಗಸ್ತೀನಿ.”

ಇಷ್ಟೇ ಮಾತು. ಮನೆಯ ಸುದ್ದಿ ಒಳಗೆ ಬಂತು, ಮನೆಯ ಹಚ್ಚಡವೂ ಒಳಗೆ ಬಂತು.

ನೆಲ: ಮಣ್ಣೆತ್ತಿನ ಹೊತ್ತು

ಧಾರವಾಡ ಜಿಲ್ಲೆ ಒಂದೇ, ಆದರೆ ಅಳ್ನಾವರ, ಕಲಘಟಗಿ ಕಡೆ ಮಳೆ, ಕಾಡು, ಭತ್ತ. ನವಲಗುಂದ, ಅಣ್ಣಿಗೇರಿ ಕಡೆ ಎರಿ (ಕಪ್ಪು ಮಣ್ಣಿನ) ಹೊಲ, ಹೆಸರುಕಾಳು, ಹತ್ತಿ, ಕಡಲೆ. ಪಕ್ಕದ ಗದಗ ಜಿಲ್ಲೆಯ ಬೆಟಗೇರಿಯ ನೇಕಾರ ಮನೆಯ ಕೂಸಿಗೆ ಮಗ್ಗದ ಸಪ್ಪಳ ಜೋಗುಳದಷ್ಟೇ ಪರಿಚಿತ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಕೂಸಿಗೆ ಮೆಣಸಿನಕಾಯಿ ಸುಗ್ಗಿಯಲ್ಲಿ ಊರೇ ಸೀನುವುದು ಗೊತ್ತು. (ಮೆಣಸಿನಕಾಯಿಯನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣುಜ್ಜಿಕೊಳ್ಳುತ್ತಾರೆ. ಬಣ್ಣ, ಚೀಲ, ತೂಕದ ಮಾತಾಡಿಸಿದರೆ ಸಾಕು.) ಎಲ್ಲ ಕೇಂದ್ರಕ್ಕೂ ಒಂದೇ ‘ನಮ್ಮ ಊರು’ ಚಾರ್ಟ್ ಹೊಂದುವುದಿಲ್ಲ.

ನಮ್ಮ ಭಾಗದಲ್ಲಿ ಪಂಚಾಂಗವೇ ಒಂದು ಅನುಕೂಲ ಮಾಡಿಕೊಟ್ಟಿದೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಮಣ್ಣಿನಿಂದ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮವಾಸ್ಯೆ. ಸಾಮಾನ್ಯವಾಗಿ ಜೂನ್ ಅಥವಾ ಜುಲೈ ಮೊದಲ ಭಾಗ, ಅಂದರೆ ಹೊಸ ಮಕ್ಕಳು ಇನ್ನೂ ಅಳುತ್ತಿರುವ ಕಾಲ. ಒಂದು ಬುಟ್ಟಿ ಎರಿ ಮಣ್ಣು ತಂದು, ಕಲ್ಲು ಆರಿಸಿ, ನೀರು ಹಾಕಿ ನಾದಿ ಮುಂದಿಟ್ಟರೆ ಸಾಕು. ಕಾಲುಗಳನ್ನು ಬೇರೆ ಮಾಡಿ ಹಚ್ಚಿದರೆ ಒಣಗಿದ ಮೇಲೆ ಕಳಚಿ ಬೀಳುತ್ತವೆ, ಏಕೆಂದರೆ ಎರಿ ಮಣ್ಣು ಒಣಗುವಾಗ ಬಹಳ ಕುಗ್ಗಿ ಬಿರಿಯುತ್ತದೆ. ಒಂದೇ ಮುದ್ದೆಯಿಂದ ಚಿವುಟಿ ಎಳೆದ ಮೋಟು ಕಾಲು ನಿಲ್ಲುತ್ತದೆ. ಮುತ್ಯಾನ ಪಕ್ಕ ಕೂತು ನೋಡಿದ ಮಗುವಿಗೆ ಇದು ಗೊತ್ತಿರುತ್ತದೆ, ಪೇಟೆಯಿಂದ ಬಂದ ಶಿಕ್ಷಕಿಗೆ ಗೊತ್ತಿರುವುದಿಲ್ಲ. ಅಲ್ಲಿವರೆಗೆ ಬಾಯಿ ಬಿಡದ ಮಗು “ಹಂಗಲ್ರೀ ಅಕ್ಕೋರ, ಹಿಂಗ” ಎಂದು ಶಿಕ್ಷಕಿಯ ಕೈಯಿಂದ ಮಣ್ಣು ಕಸಿದುಕೊಳ್ಳುತ್ತದೆ. ನಾನು ಮೊದಲಿಗೆ ಹೇಳಿದ ‘ಕೆಲಸ ಸಿಗುವುದು’ ಇದೇ. ಬೆರಳಿನ ಸ್ನಾಯು, ಜೋಡಿಯ ಲೆಕ್ಕ, ಕೋಡು, ಹಿಣಿಲು, ನೊಗ, ಗ್ವಾದಲಿ ಎಂಬ ಮಾತುಗಳು ಅದರ ಹಿಂದೆಯೇ ಬರುತ್ತವೆ. ಒಂದು ಎಚ್ಚರ: ಮನೆಗಳಲ್ಲಿ ಎತ್ತಿನ ಕಣ್ಣಿಗೆ ಗುಲಗಂಜಿ ಇಡುವುದುಂಟು. ಆ ಬೀಜ ವಿಷ, ಚಿಕ್ಕವರ ಬಾಯಿಗೆ ಹೋಗಬಾರದು. ಜೋಳದ ಕಾಳು ಇಡಿಸಿ.

ಹಬ್ಬವನ್ನು ತರಗತಿಗೆ ತರುವಾಗ ಯಾರ ಹಬ್ಬ ಎಂಬ ಪ್ರಶ್ನೆ ಬರುತ್ತದೆ. ಪೂಜೆ ಮನೆಯದು, ಮಣ್ಣು ಎಲ್ಲರದು ಎಂಬುದು ನನ್ನ ನಿಲುವು. ಮೊಹರಂ ಹೆಜ್ಜೆ ಕುಣಿತಕ್ಕೆ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಕೂಡುತ್ತಾರೆ. ಆ ಹೆಜ್ಜೆಯೂ ತರಗತಿಯ ಕುಣಿತವಾಗಲಿ. ಎತ್ತನ್ನೇ ಕಾಣದ ಹುಬ್ಬಳ್ಳಿ ರೈಲ್ವೆ ಕಾಲೊನಿಯ ಮಗು ಎಂಜಿನ್ ಮಾಡಲಿ, ತನ್ನೂರಿನ ನಿಲ್ದಾಣಕ್ಕೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ ಎಂದು ಹೆಮ್ಮೆಯಿಂದ ಉದ್ದಕ್ಕೆ ಮಣ್ಣು ತೀಡಲಿ.

ಮಾತು ಮತ್ತು ಗುಳೆ

ಕಾನೂನಿನ ಮಾತು ಚಿಕ್ಕದಾಗಿ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವೂ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆ ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2022ರ ಬುನಾದಿ ಹಂತದ (3ರಿಂದ 8 ವರ್ಷ) ಪಠ್ಯಕ್ರಮ ಚೌಕಟ್ಟು ಎರಡೂ ಮನೆಮಾತಿನ ಪರ. ಆ ಚೌಕಟ್ಟಿನ ನಾಲ್ಕನೇ ಪಠ್ಯಕ್ರಮ ಗುರಿಯ ಮೊದಲ ಸಾಮರ್ಥ್ಯವೇ ಮಗು ತನ್ನನ್ನು ಕುಟುಂಬಕ್ಕೂ ಸಮುದಾಯಕ್ಕೂ ಸೇರಿದ ವ್ಯಕ್ತಿಯಾಗಿ ಗುರುತಿಸಿಕೊಳ್ಳುವುದು. ಪರೀಕ್ಷೆಗೆ ಇದನ್ನು ಖಂಡಿತ ಬರೆಯಿರಿ.

ಗದಗ ಜಿಲ್ಲೆಯ ತಾಂಡಾಗಳ ಮಗುವಿಗೆ ಮನೆಮಾತು ಲಂಬಾಣಿ. ಅದು ಇಂಡೋ-ಆರ್ಯನ್ ಬಳಗದ್ದು, ಕನ್ನಡ ದ್ರಾವಿಡ ಬಳಗದ್ದು. ಹಳೇ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಉರ್ದು. ಮೊದಲ ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಎರಡನೆಯದಕ್ಕೂ ದಾಟುತ್ತದೆ ಎಂದು ದ್ವಿಭಾಷಾ ಶಿಕ್ಷಣದ ತಜ್ಞ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತ ಬಂದಿದ್ದಾರೆ. ಹಾಗಾಗಿ ಮನೆಮಾತು ಬಿಡಿಸಿದರೆ ಕನ್ನಡ ಬೇಗ ಬರುತ್ತದೆ ಎಂಬುದು ಸರಿಯಲ್ಲ. ಶಿಕ್ಷಕಿಗೆ ಆ ಭಾಷೆ ಪೂರ್ತಿ ಬರಬೇಕಿಲ್ಲ. ನೀರು, ಹಸಿವು, ನೋವು, ಒಂದಕ್ಕೆ ಹೋಗಬೇಕು, ಅವ್ವ ಯಾವಾಗ ಬರ್ತಾಳ: ಇಷ್ಟನ್ನು ಮಗುವಿನ ಅಜ್ಜಿಯ ಹತ್ತಿರ ಕಲಿತು ಬರೆದಿಟ್ಟುಕೊಳ್ಳಿ. ಒಂದು ಕಥೆ ಆ ಅಜ್ಜಿಯೇ ಬಂದು ಹೇಳಲಿ, ಎಲ್ಲ ಮಕ್ಕಳೂ ಕೇಳಲಿ.

ತಾಂಡಾಗಳಿಂದ ಗೋವೆ, ಮಂಗಳೂರು ಕಡೆಗೆ ದುಡಿಯಲು ಗುಳೆ ಹೋಗುವುದು ಇಲ್ಲಿಯ ವಾಸ್ತವ. ಮಗುವೂ ಹೋಗುತ್ತದೆ, ತಿಂಗಳುಗಟ್ಟಲೆ ಬಿಟ್ಟು ಬರುತ್ತದೆ. ಅಂಥ ಮಗುವಿಗೆ ಎರಡು ಊರು. ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆಗೆ ಅದು ಗೋವೆ ಎಂದರೆ ತಿದ್ದಬಾರದು. ಸಮುದ್ರ ನೋಡಿ ಬಂದ ಮಗು ಆ ತರಗತಿಯಲ್ಲಿ ಅದೊಂದೇ ಇರಬಹುದು. ಅಲೆ ಎಷ್ಟು ಎತ್ತರ, ಮರಳು ಕಾಲಿಗೆ ಹೇಗೆ ಅಂಟುತ್ತದೆ ಎಂದು ಅದರಿಂದಲೇ ಕೇಳಿಸಿ. ಹೋಗುವ ಮುಂಚೆ ಅದರ ಚಿತ್ರಗಳನ್ನೂ ಹಾಜರಿ ಚೀಟಿಯನ್ನೂ ತೆಗೆದು ಬಿಸಾಡದೆ ಕಟ್ಟಿ ಇಡಿ.

ಗಮನಿಸುವುದು ಹೇಗೆ

ಪಾಠಾಭ್ಯಾಸಕ್ಕೆ ಹೋದಾಗ ನಾವು ವೀಕ್ಷಣಾ ದಾಖಲೆ ಬರೆಯುತ್ತೇವೆ. ಸುಮ್ಮನೆ ಮೂಲೆಯಲ್ಲಿ ಕೂತ ಮಗುವನ್ನು ‘ಹೊಂದಿಕೊಂಡಿದೆ’ ಎಂದು ಬರೆದುಬಿಡುವುದು ಸುಲಭ. ಅದು ಸೋತು ಸುಮ್ಮನಾಗಿರಲೂಬಹುದು. ನಿಜವಾಗಿ ಸೇರಿಕೊಂಡ ಮಗು ಜಗಳವಾಡುತ್ತದೆ, ತನ್ನ ಸರದಿ ಕೇಳುತ್ತದೆ, ಹೊಸಬರಿಗೆ ಲೋಟ ಎಲ್ಲಿದೆ ಎಂದು ತೋರಿಸುತ್ತದೆ, ಶಿಕ್ಷಕಿ ಹಾಡಿನ ಸಾಲು ಬಿಟ್ಟರೆ ನೆನಪಿಸುತ್ತದೆ. ಆದ್ದರಿಂದ ದಾಖಲೆಯಲ್ಲಿ ಅಭಿಪ್ರಾಯ ಬರೆಯುವ ಮೊದಲು ಮಗು ಏನು ಮಾಡಿತು, ಯಾರ ಜೊತೆ, ಯಾವ ಮಾತಿನಲ್ಲಿ ಎಂದು ತಾರೀಖು ಸಹಿತ ಬರೆಯಿರಿ. ಎರಡು ವಾರ ಒಂದೇ ಮಗುವನ್ನು ಹೀಗೆ ನೋಡಿದ ಮೇಲೆ ಅದರ ಮನೆಗೆ ಹೋಗಿ, ಅಲ್ಲಿ ಅದು ಏನೇನು ಮಾಡುತ್ತದೆ ಎಂದು ಕೇಳಿ, ಎರಡೂ ದಾಖಲೆಯನ್ನು ಪಕ್ಕಪಕ್ಕ ಇಟ್ಟು ಮುಂದಿನ ವಾರದ ಚಟುವಟಿಕೆ ಯೋಜಿಸಿ.