ಟ್ರ್ಯಾಕ್ ಒಳಗಿನ ಆ ದನಿ ಏನು ಹೇಳ್ತಿದೆ?

ಎಲೆಕ್ಟ್ರಾನಿಕ್ ಮ್ಯೂಸಿಕ್ ಹುಚ್ಚು ಹಿಡಿದ ಹುಡುಗ್ರು ನನಗೆ ಕಳಿಸೋ ಮೆಸೇಜಲ್ಲಿ ಒಂದು ಪ್ರಶ್ನೆ ತಪ್ಪದೇ ಇರುತ್ತೆ, "ಮೇಡಂ, ಈ ಟ್ರ್ಯಾಕಲ್ಲಿ ಹಿಂದೆ ಯಾರೋ ಏನೋ ಅಂತಿದಾರೆ, ನಿಮ್ಮ ಸ್ಟುಡಿಯೋ ಸ್ಪೀಕರಲ್ಲಿ ಹಾಕಿ ಏನದು ಅಂತ ಹೇಳ್ತೀರಾ". ನಾನು ಮಿಕ್ಸಿಂಗ್ ಮಾಡೋಳು, ದನಿಗಳನ್ನ ಮುಂದೆ ತರೋದು ಹಿಂದೆ ತಳ್ಳೋದೇ ದಿನದ ಕೆಲಸ, ಹಾಗಾಗಿ ಕೇಳ್ತಾರೆ. ನನಗೂ ಇಷ್ಟದ ವಿಷಯ. ಆದ್ರೆ ಇಂಥ ಟ್ರ್ಯಾಕಲ್ಲಿ ಪದ ಏನು ಅನ್ನೋದು ಒಂದು ಪ್ರಶ್ನೆ, ಮೂಡ್ ಏನು ಅನ್ನೋದು ಬೇರೆಯದೇ ಪ್ರಶ್ನೆ. ಪದದ ವಿಷಯದಲ್ಲಿ ಫ್ಯಾನ್ಸ್ ಬರ್ಕೊಂಡಿರೋದನ್ನ ನಾನು ಸುಲಭಕ್ಕೆ ನಂಬಲ್ಲ, ಮೂಡ್ ವಿಷಯದಲ್ಲಿ ಅವ್ರು ಹೇಳೋದು ಬಹಳ ಸಲ ಸರಿಯಾಗೇ ಇರುತ್ತೆ, ಎರಡಕ್ಕೂ ಕಾರಣ ಸೌಂಡ್ ಒಳಗೇ ಇದೆ.

ಬರಿಯಲ್‌ನ 'ಆರ್ಕೇಂಜೆಲ್' ತಗೊಳ್ಳಿ. ಬರಿಯಲ್ ಅಂದ್ರೆ ದಕ್ಷಿಣ ಲಂಡನ್‌ನ ವಿಲಿಯಂ ಬೆವನ್, 2008ರವರೆಗೆ ಈ ಹೆಸರೂ ಯಾರಿಗೂ ಗೊತ್ತಿರ್ಲಿಲ್ಲ, ಮುಖ ಇಲ್ಲ, ಶೋ ಇಲ್ಲ, ಬರೀ ಟ್ರ್ಯಾಕ್‌ಗಳು. 2007ರ ನವೆಂಬರಲ್ಲಿ ಹೈಪರ್‌ಡಬ್ ಲೇಬಲ್‌ನಿಂದ ಬಂದ 'ಅನ್‌ಟ್ರೂ' ಆಲ್ಬಂನಲ್ಲಿ ಈ ಟ್ರ್ಯಾಕ್ ಇದೆ. ಅದ್ರಲ್ಲಿ ಹಾಡೋ ದನಿ ಅಮೆರಿಕದ ಆರ್ ಆಂಡ್ ಬಿ ಗಾಯಕ ರೇ ಜೆ 2005ರಲ್ಲಿ ಹಾಡಿದ 'ಒನ್ ವಿಶ್' ಇಂದ ಎತ್ತಿದ್ದು. ಹಿಂದಿನ ಸ್ಟ್ರಿಂಗ್ಸ್ 'ಮೆಟಲ್ ಗಿಯರ್ ಸಾಲಿಡ್ 2' ಗೇಮ್‌ನ ಮ್ಯೂಸಿಕ್ ಇಂದ ಬಂದಿದ್ದು. ಮೂಲ ಹಾಡು ಒಬ್ಬ ಗಂಡಸು ತನ್ನನ್ನ ಬಿಟ್ಟುಹೋದ ಹುಡುಗಿ ಬಗ್ಗೆ ನೇರವಾಗಿ ಹಾಡೋ ರೇಡಿಯೋ ಹಿಟ್, ಅದನ್ನ ತುಂಡು ತುಂಡು ಮಾಡಿ ಪಿಚ್ ಏರ್ಸಿ ಇಳ್ಸಿ ಜೋಡಿಸಿದ ಮೇಲೆ ಹಾಡ್ತಿರೋದು ಗಂಡೋ ಹೆಣ್ಣೋ ಅಂತ್ಲೇ ಗೊತ್ತಾಗಲ್ಲ. ಕೇಳೋರು ಇವತ್ತಿಗೂ ಅದ್ರ ಬಗ್ಗೆ ಜಗಳ ಆಡ್ತಾರೆ. ಬೇರೆ ಬೇರೆ ಅಕಾಪೆಲ್ಲಾ (ವಾದ್ಯ ಇಲ್ಲದ ಬರೀ ಹಾಡೋ ದನಿ) ಕತ್ತರಿಸಿ ಅದ್ರಿಂದ ಹೊಸ ಸಾಲು ಕಟ್ಟೋದು ತನ್ನ ರೀತಿ ಅಂತ ಬರಿಯಲ್ ತಾನೇ ಇಂಟರ್‌ವ್ಯೂನಲ್ಲಿ ಹೇಳಿದಾನೆ. ಅಂದ್ರೆ ಮೂಲ ಹಾಡಿನ ಲಿರಿಕ್ಸ್ ತೆಗೆದಿಟ್ಕೊಂಡು 'ಇದೇ ಅರ್ಥ' ಅನ್ನೋಕೂ ಬರಲ್ಲ, ಆ ಸಾಲುಗಳು ಈಗ ಇಲ್ವೇ ಇಲ್ಲ.

ಗಂಡೋ ಹೆಣ್ಣೋ ಅನ್ನೋ ಗೊಂದಲ ಹೇಗೆ ಹುಟ್ಟುತ್ತೆ ನೋಡಿ. ದನಿಯಲ್ಲಿ ಎರಡು ವಿಷಯ ಇರುತ್ತೆ. ಒಂದು ಗಂಟಲ ತಂತುಗಳು ಎಷ್ಟು ಬೇಗ ಅದುರ್ತವೆ ಅನ್ನೋ ಪಿಚ್, ಗಂಡಸ್ರು ಮಾತಾಡುವಾಗ ಸುಮಾರು 120 ಹರ್ಟ್ಸ್, ಹೆಂಗಸ್ರದ್ದು 200ರ ಆಚೀಚೆ. ಇನ್ನೊಂದು ಫಾರ್ಮೆಂಟ್, ಗಂಟಲು ಬಾಯಿ ಸೇರಿದ ಕೊಳವೆ ಎಷ್ಟು ಉದ್ದ ಇದೆ ಅನ್ನೋದ್ರ ಗುರುತು, ಆ ಕೊಳವೆ ಹೆಂಗಸ್ರಲ್ಲಿ ಚಿಕ್ಕದು, ಹಾಗಾಗಿ ಅವ್ರ ಫಾರ್ಮೆಂಟ್ ಹೆಚ್ಚುಕಡಿಮೆ ಶೇಕಡ 15ರಿಂದ 20ರಷ್ಟು ಮೇಲಿರುತ್ತೆ. ಸ್ಯಾಂಪಲನ್ನ, ಅಂದ್ರೆ ಬೇರೆ ಹಾಡಿಂದ ಎತ್ತಿದ ತುಣುಕನ್ನ, ಸುಮ್ನೆ ವೇಗ ಹೆಚ್ಚಿಸಿ ಪಿಚ್ ಏರಿಸಿದ್ರೆ ಎರಡೂ ಒಟ್ಟಿಗೇ ಒಂದೇ ಪ್ರಮಾಣದಲ್ಲಿ ಏರುತ್ತೆ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರಲ್ಲಿ ಹಾಡುಗಾರ್ತಿ ದನಿ ಗಂಡಸಿನ ಥರ ದಪ್ಪ ಆಗ್ತಿತ್ತಲ್ಲ, ಅದೇ ಲೆಕ್ಕ, ಇಲ್ಲಿ ಉಲ್ಟಾ. ಈಗ ಒಬ್ಬ ಗಂಡಸಿನ ದನೀನ 3 ಸೆಮಿಟೋನ್ (ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿ ಮೂರು ಮನೆ) ಮೇಲೆ ಎತ್ತಿ, ಎಲ್ಲಾ ಸುಮಾರು 1.19 ಪಟ್ಟು ಆಗುತ್ತೆ. 120 ಇದ್ದ ಪಿಚ್ 143 ಆಯ್ತು, ಅದಿನ್ನೂ ಗಂಡಸಿನ ಲೆಕ್ಕದಲ್ಲೇ ಇದೆ, ಆದ್ರೆ ಫಾರ್ಮೆಂಟ್ ಮಾತ್ರ ಹೆಂಗಸಿನ ಜಾಗಕ್ಕೆ ಬಂದು ಕೂತಿದೆ. ಹಾಗೆ ದನಿ ಇರೋ ಮನುಷ್ಯರನ್ನ ನಾವು ದಿನಾ ನೋಡಲ್ಲ, ಕಿವಿಗೆ ಎಲ್ಲಿ ಸೇರಿಸ್ಬೇಕು ಅಂತ ತಿಳಿಯಲ್ಲ. 'ದೇವತೆ ಥರ ಕೇಳಿಸುತ್ತೆ', 'ದೆವ್ವದ ಥರ ಕೇಳಿಸುತ್ತೆ', 'ಮಗು ಥರ' ಅಂತೆಲ್ಲಾ ಜನ ಹೇಳೋದು ಇದನ್ನೇ, ಮತ್ತೆ ಅವ್ರು ಹೇಳ್ತಿರೋದು ಸುಳ್ಳಲ್ಲ.

ಇನ್ನು ಪದಗಳು ಯಾಕೆ ಕಳೆದುಹೋಗ್ತವೆ ಅಂದ್ರೆ, ಮಾತಿನಲ್ಲಿ ಪದದ ಗುರುತು ಹೊತ್ಕೊಂಡಿರೋದು ಹೆಚ್ಚಾಗಿ ವ್ಯಂಜನಗಳು, ಅವು ಚಿಕ್ಕವು, ಮೆಲ್ಲಗಿರೋವು, ಸ ತ ಕ ಇಂಥವುಗಳ ಶಕ್ತಿ 2000 ಹರ್ಟ್ಸ್‌ನಿಂದ ಮೇಲೆ ಹರಡಿರುತ್ತೆ. ಸ್ವರಗಳು ಉದ್ದ, ಜೋರು, ಕೆಳಗಿರ್ತವೆ. ಮೇಲಿನ ಫ್ರೀಕ್ವೆನ್ಸಿ ಕತ್ತರಿಸೋ ಲೋ ಪಾಸ್ ಫಿಲ್ಟರ್ ಹಾಕಿದ್ರೆ ಮೊದಲು ಸಾಯೋದು ವ್ಯಂಜನ. ಅದ್ರ ಮೇಲೆ ಉದ್ದನೆ ರಿವರ್ಬ್ (ದೊಡ್ಡ ಹಾಲಲ್ಲಿ ಕೇಳೋ ಥರ ಪ್ರತಿಧ್ವನಿ) ಹಾಕಿದ್ರೆ ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನದ ಮೇಲೆ ಬಿದ್ದು ಅದನ್ನ ಮುಚ್ಚುತ್ತೆ. ಕತ್ತರಿಸುವಾಗ ಪದದ ತಲೆ ಹಾರಿಸಿದ್ರಂತೂ ಮುಗೀತು, ಉಳಿಯೋದು 'ಆ', 'ಊ', 'ಓ' ಮಾತ್ರ.

ಇಲ್ಲಿ ಬರಿಯಲ್ ಟ್ರ್ಯಾಕ್‌ಗಳಲ್ಲಿ ಹಿಂದೆ ಕೇಳೋ ವಿನೈಲ್ (ಹಳೇ ರೆಕಾರ್ಡ್ ತಟ್ಟೆ) ಚಟಪಟ ಸದ್ದು, ಮಳೆ ಸದ್ದು, ಇದ್ರ ಬಗ್ಗೆ ಒಂದು ಮಾತು ಹೇಳ್ಬೇಕು. ಎಲ್ರೂ ಅದನ್ನ ವಾತಾವರಣಕ್ಕೆ ಹಾಕಿದ್ದು, ಲಂಡನ್ ರಾತ್ರಿ ಫೀಲ್ ಬರೋಕೆ ಅಂತಾರೆ, ಸರಿ, ಆದ್ರೆ ಅದು ಇನ್ನೊಂದು ಕೆಲಸಾನೂ ಮಾಡುತ್ತೆ. 1970ರಲ್ಲಿ ರಿಚರ್ಡ್ ವಾರೆನ್ ಅನ್ನೋ ವಿಜ್ಞಾನಿ ಒಂದು ವಾಕ್ಯದಿಂದ ಒಂದೇ ಒಂದು 'ಸ್' ಸದ್ದನ್ನ ಪೂರ್ತಿ ಕತ್ತರಿಸಿ ಆ ಜಾಗಕ್ಕೆ ಕೆಮ್ಮು ಸೇರಿಸಿ ಜನರಿಗೆ ಕೇಳಿಸಿದ್ರು. ಹೆಚ್ಚುಕಡಿಮೆ ಎಲ್ರಿಗೂ ಇಲ್ಲದ 'ಸ್' ಕೇಳಿಸ್ತು, ಕೆಮ್ಮು ಯಾವ ಜಾಗದಲ್ಲಿತ್ತು ಅಂತ ತೋರಿಸೋಕೂ ಆಗ್ಲಿಲ್ಲ. ಅದೇ ಜಾಗ ಖಾಲಿ ಬಿಟ್ರೆ ಜನರಿಗೆ ಆ ಗ್ಯಾಪ್ ಕೂಡ್ಲೇ ಗೊತ್ತಾಗುತ್ತೆ. ಅಂದ್ರೆ ಗದ್ದಲ ಇದ್ದಾಗ ಮಿದುಳು 'ಹಿಂದೆ ದನಿ ಇದೆ, ಮುಚ್ಚಿಹೋಗಿದೆ' ಅಂತ ತೀರ್ಮಾನ ಮಾಡಿ ತುಂಬಿಸ್ಕೊಳ್ಳುತ್ತೆ. ಕತ್ತರಿಸಿದ ದನಿಯ ಮೇಲೆ ಮಳೆ ಸುರಿಸಿದ್ರೆ ಕತ್ತರಿಸಿದ ಗುರುತು ಮಾಯ ಆಗಿ ಯಾರೋ ಒಬ್ಬ್ರು ದೂರದಲ್ಲಿ ನಿಂತು ಪೂರ್ತಿ ಹಾಡ್ತಿದಾರೆ ಅನ್ಸೋದು ಹೀಗೇ ಅಂತ ನನ್ನ ಅಭಿಪ್ರಾಯ. ಮಿಕ್ಸಲ್ಲಿ ನೀವೇ ಮಾಡಿ ನೋಡ್ಬಹುದು, ಕತ್ತರಿಸಿದ ದನಿಯ ತುಣುಕೊಂದು ತಿರುಗಿ ತಿರುಗಿ ಬರ್ತಿರುವಾಗ ಮಳೆ ರೆಕಾರ್ಡಿಂಗ್ ಸದ್ದು ಮೆಲ್ಲಗೆ ಏರಿಸ್ತಾ ಹೋಗಿ, ಒಂದು ಹಂತದಲ್ಲಿ ತುಂಡುಗಳು ಕೂಡ್ಕೊಳ್ತವೆ.

ತುಂಬಿಸ್ಕೊಳ್ಳೋ ಮಿದುಳು ಯಾವುದ್ರಿಂದ ತುಂಬಿಸ್ಕೊಳ್ಳುತ್ತೆ? ತನಗೆ ಗೊತ್ತಿರೋದ್ರಿಂದ. ಡಯಾನಾ ಡಾಯ್ಚ್ ಅನ್ನೋ ಸಂಶೋಧಕಿ ಒಂದೆರಡು ಸಿಲಬಲ್ ಮಾತ್ರ ಎರಡು ಸ್ಪೀಕರಲ್ಲಿ ಬಿಡದೆ ತಿರುಗಿಸಿ ಕೇಳಿಸಿದ್ರೆ ಸ್ವಲ್ಪ ಹೊತ್ತಲ್ಲೇ ಜನರಿಗೆ ಅಲ್ಲಿಲ್ಲದ ಪದಗಳು, ಸಾಲುಗಳು ಕೇಳಿಸೋಕೆ ಶುರು ಆಗ್ತವೆ, ಬೇರೆ ಮಾತೃಭಾಷೆಯವ್ರಿಗೆ ಅವ್ರವ್ರ ಭಾಷೆಯ ಪದಗಳೇ ಕೇಳಿಸ್ತವೆ ಅಂತ ತೋರಿಸಿದಾರೆ. ಕನ್ನಡದ ಹುಡುಗ್ರಿಗೆ ಲಂಡನ್ ಟ್ರ್ಯಾಕಲ್ಲಿ 'ಬಾರೋ', 'ಯಾಕೆ' ಕೇಳಿಸಿದ್ರೆ ನನಗೆ ಆಶ್ಚರ್ಯ ಆಗಲ್ಲ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗೀತವೆ, ಟ್ರ್ಯಾಕಲ್ಲಿ ಉಳಿದಿರೋದೂ ಸ್ವರಗಳೇ.

ಇದಕ್ಕಿಂತ ದೊಡ್ಡ ತೊಂದರೆ ಲಿರಿಕ್ಸ್ ಮೊದಲೇ ಓದಿಬಿಡೋದು. 1981ರಲ್ಲಿ ರೆಮೆಜ್ ಅನ್ನೋ ಸಂಶೋಧಕ ಮತ್ತೆ ಅವ್ರ ಜೊತೆಯವ್ರು ಒಂದು ವಾಕ್ಯವನ್ನ ಬರೀ ಮೂರು ಸೈನ್ ವೇವ್ (ಒಂದೇ ಫ್ರೀಕ್ವೆನ್ಸಿಯ ಶುದ್ಧ ಸದ್ದು) ಆಗಿ ಇಳಿಸಿಬಿಟ್ರು, ಮನುಷ್ಯರ ದನಿಯ ಗುಣ ಏನೂ ಇಲ್ಲ, ಸೀಟಿ ಥರ ಸದ್ದು. ಏನೂ ಹೇಳದೆ ಕೇಳಿಸಿದಾಗ ಹೆಚ್ಚಿನವ್ರಿಗೆ ಅದು ಸೈನ್ಸ್ ಫಿಕ್ಷನ್ ಸದ್ದು, ವಿಚಿತ್ರ ಎಲೆಕ್ಟ್ರಾನಿಕ್ ಮ್ಯೂಸಿಕ್ ಅನ್ನಿಸ್ತು. 'ಇದು ಮಾತು, ಏನು ಹೇಳ್ತಿದೆ ನೋಡಿ' ಅಂತ ಹೇಳಿ ಕೇಳಿಸಿದಾಗ ಬಹಳಷ್ಟು ಜನ ವಾಕ್ಯ ಬರ್ಕೊಂಡ್ರು. ಅಲ್ಲಿ ನಿಜಕ್ಕೂ ವಾಕ್ಯ ಇತ್ತು ಅನ್ನಿ. ಆದ್ರೆ 1985ರಲ್ಲಿ ಕೆನಡಾದ ಸಂಶೋಧಕರಾದ ವೋಕಿ ಮತ್ತು ರೀಡ್ ಹಿಂದುಮುಂದಾಗಿ ನುಡಿಸಿದ ಮಾತಿನಲ್ಲಿ ಇಲ್ಲದ ಸಾಲನ್ನೂ ಮುಂಚೆ ಹೇಳಿಕೊಟ್ರೆ ಜನ ಕೇಳಿಸ್ಕೊಳ್ತಾರೆ ಅಂತ ತೋರಿಸಿದ್ರು. ವಿಡಿಯೋ ಮೇಲೆ ಲಿರಿಕ್ಸ್ ಓಡ್ತಿದ್ರೆ ನಿಮಗೆ ಕೇಳಿಸೋದು ಆ ಲಿರಿಕ್ಸೇ, ಒಂದ್ಸಲ ಕೇಳಿಸಿದ್ಮೇಲೆ ಮರೆಯೋಕೂ ಆಗಲ್ಲ.

ಈಚೆಗೆ 'ವೋಕಲ್ ಬೇರ್ಪಡಿಸಿದೀವಿ ಕೇಳಿ' ಅಂತ ಫೈಲ್ ಕಳಿಸ್ತಾರೆ, ಇದ್ರ ಬಗ್ಗೆ ನನಗೆ ನಿಜವಾಗ್ಲೂ ಚಿಂತೆ ಇದೆ. ಹಳೇ ವಿಧಾನ ಅಂದ್ರೆ ಲೆಫ್ಟ್ ಚಾನಲಿಂದ ರೈಟ್ ಚಾನಲ್ ಕಳೆಯೋದು. ನಡುವೆ ಇಟ್ಟಿರೋ ಮುಖ್ಯ ದನಿ ಎರಡರಲ್ಲೂ ಸಮ ಇರೋದ್ರಿಂದ ಅಳಿಸಿಹೋಗುತ್ತೆ, ಆದ್ರೆ ಅದ್ರ ಸ್ಟೀರಿಯೋ ರಿವರ್ಬ್ ಅಳಿಸಲ್ಲ, ಎರಡು ಕಡೆ ಬೇರೆ ಬೇರೆ ಇರುತ್ತಲ್ಲ. ಉಳಿಯೋದು ಸ್ವಲ್ಪ ತಡವಾಗಿ ಬರೋ, ತೆಳ್ಳಗಿನ, ದೂರದ ಪಿಸುಮಾತಿನಂಥ ಒಂದು ದನಿ. ಅದನ್ನೇ 'ಅಡಗಿಸಿಟ್ಟ ಎರಡನೇ ಗಾಯಕಿ' ಅಂತ ಎಷ್ಟೋ ಜನ ನನ್ನ ಹತ್ರ ತಂದಿದಾರೆ, ಅದು ಮೊದಲನೇ ದನಿಯ ನೆರಳು ಅಷ್ಟೇ. 2019ರಲ್ಲಿ ಡೀಝರ್ ಅನ್ನೋ ಮ್ಯೂಸಿಕ್ ಸ್ಟ್ರೀಮಿಂಗ್ ಕಂಪನಿ ಸ್ಪ್ಲೀಟರ್ ಅನ್ನೋ ಸಾಫ್ಟ್‌ವೇರ್ ಬಿಟ್ಟ ಮೇಲೆ ಎಐ ಬೇರ್ಪಡಿಸೋದು ಎಲ್ರ ಕೈಗೂ ಬಂತು, ಒಳ್ಳೇದೇ, ನಾನೂ ಕೆಲಸಕ್ಕೆ ಇಂಥವನ್ನ ಬಳಸ್ತೀನಿ, ಆದ್ರೆ ಅದು ಕಲಿತಿರೋದು 'ದನಿ ಥರ ಕಾಣೋದನ್ನ ವೋಕಲ್ ಬುಟ್ಟಿಗೆ ಹಾಕು' ಅಂತ. ಫಿಲ್ಟರ್ ತೆರೀತಾ ಮುಚ್ಚುತಾ ಇರೋ ಸಿಂತ್ ಪ್ಯಾಡ್ (ಸಿಂಥಸೈಜರ್‌ನ ಉದ್ದ ಎಳೆದ ಸದ್ದು) ಒಂದು ಬಾಯಿ ತೆರೆದು ಮುಚ್ಚಿದ ಹಾಗೇ ಕಾಣುತ್ತೆ, ಅದ್ರ ಚೂರುಗಳೂ ಬುಟ್ಟಿಗೆ ಬೀಳ್ತವೆ, ಕೇಳೋರಿಗೆ ಪಿಸುಮಾತು ಸಿಕ್ಕ ಹಾಗಾಗುತ್ತೆ.

ಹಾಗಂತ ಎಲ್ಲಾ ಭ್ರಮೆ ಅನ್ನೋರ ಕಡೆ ನಾನಿಲ್ಲ. ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್‌ನ 1999ರ 'ವಿಂಡೋಲಿಕ್ಕರ್' ಜೊತೆ ಬಂದ, ಗಣಿತದ ಸೂತ್ರವೇ ಹೆಸರಾಗಿರೋ ಎರಡನೇ ಟ್ರ್ಯಾಕಲ್ಲಿ ಐದೂವರೆ ನಿಮಿಷದ ಹೊತ್ತಿಗೆ ಬರೋ ಕರ್ಕಶ ಗದ್ದಲವನ್ನ ಸ್ಪೆಕ್ಟ್ರೋಗ್ರಾಮಲ್ಲಿ (ಸದ್ದಿನ ಫ್ರೀಕ್ವೆನ್ಸಿಗಳನ್ನ ಚಿತ್ರವಾಗಿ ತೋರಿಸೋದು) ನೋಡಿದ್ರೆ ಅವನದೇ ಮುಖ ಕಾಣುತ್ತೆ, ಫ್ರೀಕ್ವೆನ್ಸಿ ಸ್ಕೇಲ್ ಲಾಗರಿದಮಿಕ್ ಇಡ್ಬೇಕು, ಇಲ್ಲಾಂದ್ರೆ ಮುಖ ಸೊಟ್ಟ ಕಾಣುತ್ತೆ. ಸ್ಕಾಟ್ಲೆಂಡಿನ ಅಣ್ಣತಮ್ಮಂದಿರ ಜೋಡಿ ಬೋರ್ಡ್ಸ್ ಆಫ್ ಕೆನಡಾ 2002ರ 'ಜಿಯೋಗ್ಯಾಡಿ' ಆಲ್ಬಂಗೆ ಕೊನೇಲಿ ಮೌನದ ಟ್ರ್ಯಾಕ್ ಸೇರಿಸಿ ಒಟ್ಟು ಉದ್ದ 66 ನಿಮಿಷ 6 ಸೆಕೆಂಡ್ (ಸೈತಾನನ ಸಂಖ್ಯೆ ಅನ್ನೋ 666ರ ಆಟ) ಬರೋ ಹಾಗೆ ಮಾಡಿದ್ರು, ಒಳಗೆ ಮರೆಮಾಡಿದ ದನಿಗಳನ್ನೂ ಇಟ್ಟಿದ್ರು. ಅಲ್ಲಿ ಹುಡುಕೋದು ನ್ಯಾಯವೇ. ಫೈಲ್ ತೆರೆದ್ರೆ ಯಾರಿಗಾದ್ರೂ ಒಂದೇ ಉತ್ತರ ಸಿಗುತ್ತೆ ಅನ್ನೋದೇ ಆ ಮುಖಕ್ಕೂ ನಿಮ್ಮ ಪಿಸುಮಾತಿಗೂ ಇರೋ ವ್ಯತ್ಯಾಸ.

ಮೂಡ್ ಹಾಗಲ್ಲ, ಅದಕ್ಕೆ ಸಾಫ್ಟ್‌ವೇರ್ ಬೇಡ. ದುಃಖದಲ್ಲಿರೋರು ಮೆಲ್ಲಗೆ, ನಿಧಾನಕ್ಕೆ, ತಗ್ಗಿದ ಪಿಚ್ಚಲ್ಲಿ ಮಾತಾಡ್ತಾರೆ, ಅವ್ರ ದನಿಯಲ್ಲಿ ಮೇಲಿನ ಫ್ರೀಕ್ವೆನ್ಸಿ ಕಮ್ಮಿ ಇರುತ್ತೆ, ಫಿಲ್ಟರ್ ಮಾಡೋದೂ ಅದನ್ನೇ. ನೇರ ದನಿ ಕಮ್ಮಿ ರಿವರ್ಬ್ ಜಾಸ್ತಿ ಅಂದ್ರೆ ಮನುಷ್ಯ ದೂರ ಇದಾನೆ ಅಂತ ಕಿವಿಗೆ ತಾನಾಗೇ ಗೊತ್ತು. ಪದ ಗೊತ್ತಾಗದೇ ಹೋದ್ರೂ ಯಾರೋ ದೂರದಲ್ಲಿ ಒಂಟಿಯಾಗಿದಾರೆ ಅನ್ನೋದು ಎಲ್ರಿಗೂ ಒಂದೇ ಥರ ಮುಟ್ಟೋದು ಇದಕ್ಕೇ, ನಮ್ಮಲ್ಲಿ ಇಂಗ್ಲಿಷ್ ಅಷ್ಟಾಗಿ ಬರದವ್ರೂ 'ಆರ್ಕೇಂಜೆಲ್' ಕೇಳಿ ಅದೇ ಮಾತು ಹೇಳಿದ್ದನ್ನ ನಾನು ಕೇಳಿದೀನಿ.

ಪದ ಮುಟ್ಟಲೇಬೇಕು ಅಂದಾಗ ಬರಿಯಲ್ ಏನು ಮಾಡ್ದ ಅಂತ 2013ರ ಡಿಸೆಂಬರಲ್ಲಿ ಬಂದ ಅವನ ರೆಕಾರ್ಡ್ 'ರೈವಲ್ ಡೀಲರ್' ನೋಡಿದ್ರೆ ತಿಳಿಯುತ್ತೆ. ಅದ್ರ ಕೊನೇ ಟ್ರ್ಯಾಕ್ 'ಕಮ್ ಡೌನ್ ಟು ಅಸ್' ಹದಿಮೂರು ನಿಮಿಷದ ಮೇಲಿದೆ. ಅದ್ರ ಕೊನೇಲಿ ಸಿನಿಮಾ ನಿರ್ದೇಶಕಿ ಲಾನಾ ವಾಚೋವ್ಸ್ಕಿ ತಾನು ಟ್ರಾನ್ಸ್‌ಜೆಂಡರ್ ಆಗಿ ಬದುಕಿದ್ದರ ಬಗ್ಗೆ 2012ರಲ್ಲಿ ಮಾಡಿದ ಭಾಷಣದ ತುಣುಕು ಬರುತ್ತೆ, ಕತ್ತರಿಸಿ ಗುರುತು ಸಿಗದ ಹಾಗೆ ಮಾಡಿಲ್ಲ, ಪದ ಪದವೂ ಕೇಳುತ್ತೆ. ಅದೇ ಹೊತ್ತಿಗೆ ಬರಿಯಲ್ ಬಿಬಿಸಿ ರೇಡಿಯೋದ ಮೇರಿ ಆ್ಯನ್ ಹಾಬ್ಸ್‌ಗೆ ಕಳಿಸಿದ ಮೆಸೇಜಲ್ಲಿ, ಇವು ಬೆದರಿಸಿ ಹಿಂಸೆ ಕೊಡೋರ ವಿರುದ್ಧದ ಟ್ಯೂನ್‌ಗಳು, ಯಾರಿಗಾದ್ರೂ ತಮ್ಮ ಮೇಲೆ ನಂಬಿಕೆ ಬರ್ಲಿ ಅಂತ ಮಾಡಿದ್ದು ಅನ್ನೋ ಅರ್ಥದಲ್ಲಿ ಬರ್ದಿದ್ದ. ಹಾಗಾಗಿ ಅವನು ಮಸುಕು ಮಾಡಿದ್ದನ್ನ ಮಸುಕಾಗೇ ಇರ್ಲಿ ಅಂತ ಮಾಡಿದಾನೆ ಅಂತ್ಲೇ ನಾನು ಓದ್ತೀನಿ.

ನನಗೆ ಟ್ರ್ಯಾಕ್ ಕಳಿಸೋರು ಒಂದಿಷ್ಟು ಮಾಹಿತಿ ಸೇರಿಸಿ ಕಳಿಸಿ. ಎಷ್ಟನೇ ಸೆಕೆಂಡಲ್ಲಿ ಕೇಳಿಸ್ತು, ವಿಡಿಯೋದಿಂದ ಇಳಿಸಿದ ಫೈಲೋ ಕೊಂಡುಕೊಂಡ ಫೈಲೋ, ಬೇರ್ಪಡಿಸಿದ್ದಾದ್ರೆ ಯಾವುದ್ರಲ್ಲಿ, ಮತ್ತೆ ಮುಖ್ಯವಾಗಿ ನಿಮಗೆ ಆ ಸಾಲು ಕೇಳಿಸಿದ್ದು ಇನ್ನೊಬ್ರು ಬರ್ದಿದ್ದನ್ನ ಓದೋಕೆ ಮುಂಚೆಯೋ ಆಮೇಲೋ. ನಿಮ್ಮ ಸ್ನೇಹಿತರಿಗೂ ಏನೂ ಹೇಳದೆ ಕೇಳಿಸಿ, ಅವ್ರು ಬರ್ಕೊಂಡಿದ್ದನ್ನೂ ತಿದ್ದದೆ ಹಾಗೇ ಕಳಿಸಿ.