ಪ್ಯಾಕೆಟ್ ಹೋಗಿ ಪ್ಯಾಕೆಟ್ ಬಂತು: ಸಾರಾಯಿ ನಿಷೇಧದ ಹಿಂದೆ ಮುಂದೆ

2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಇತ್ತ ಆರೋಗ್ಯ ಇಲಾಖೆ ಕುಡಿತ ಬಿಡಿಸಲು ಮಾತ್ರೆ ಕೊಡುತ್ತದೆ, ಪೊಲೀಸರು ಕುಡಿದು ಬೈಕ್ ಓಡಿಸಿದವರನ್ನು ಹಿಡಿಯುತ್ತಾರೆ, ಹಳ್ಳಿಯ ಹೆಂಗಸರು ಕಿರಾಣಿ ಅಂಗಡಿಯ ಮದ್ಯದ ಪ್ಯಾಕೆಟ್ ಮಾರಾಟ ನಿಲ್ಲಿಸಿ ಎಂದು ತಹಶೀಲ್ದಾರರಿಗೆ ಮನವಿ ಕೊಡುತ್ತಾರೆ. ಸಮಸ್ಯೆ ಒಂದೇ, ಕಡತ ಮಾತ್ರ ನಾಲ್ಕು ಕಚೇರಿಗಳಲ್ಲಿ. ಇದು ಹೀಗೇಕಾಯಿತು ಎಂದು ತಿಳಿಯಲು ಸಾರಾಯಿ ನಿಷೇಧವಾದ 2007ರ ಜುಲೈ 1ರ ಆಸುಪಾಸನ್ನು ನೋಡಬೇಕು.

ಅದಕ್ಕೂ ಹಿಂದಿನದು ಚುಟುಕಾಗಿ: ಸಂವಿಧಾನದ 47ನೇ ವಿಧಿ ಪಾನನಿಷೇಧದ ಆಶಯ ಹೇಳಿತು; ಏಕೀಕರಣದ ಹೊತ್ತಿಗೆ ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆಗಳಲ್ಲಿ 1949ರ ಪಾನನಿಷೇಧ ಕಾಯ್ದೆ, ಮದರಾಸಿನಿಂದ ಬಂದ ಕಡೆ 1937ರದ್ದು ಇತ್ತು; 1967ರ ಹೊತ್ತಿಗೆ ಮೈಸೂರು ರಾಜ್ಯ ನಿಷೇಧ ಕೈಬಿಟ್ಟು ಅಬಕಾರಿ ಕಾಯ್ದೆಯ ದಾರಿ ಹಿಡಿಯಿತು. ಮುಂದಿನ ನಾಲ್ಕು ದಶಕ ಬಡವರ ಕುಡಿತವೆಂದರೆ ಸಾರಾಯಿ. ಮಾರಾಟದ ಹಕ್ಕು ಗುತ್ತಿಗೆದಾರರಿಗೆ. ತನ್ನ ವ್ಯಾಪ್ತಿಯಲ್ಲಿ ಕಳ್ಳಭಟ್ಟಿ ನಡೆದರೆ ಗುತ್ತಿಗೆದಾರನಿಗೇ ನಷ್ಟ, ಹಾಗಾಗಿ ಅದನ್ನು ಹಿಡಿಯಲು ಅವನೇ ಜನ ಇಟ್ಟುಕೊಳ್ಳುತ್ತಿದ್ದ. ಕಾನೂನು ಕಾಯುವ ಕೆಲಸದ ಒಂದು ಪಾಲು ಖಾಸಗಿ ಕೈಗೆ ಹೋದದ್ದು ಹೀಗೆ. ಸುಂಕ ಕಟ್ಟದ ಮಾಲಿಗೆ ‘ಸೆಕೆಂಡ್ಸ್’ ಎಂಬ ಹೆಸರು ಬಿದ್ದಿತ್ತು.

ಕುಡಿಯುವವರ ಮನೆಗಳು ಹಾಳಾಗುತ್ತಿವೆ ಎಂಬ ಕೂಗಿಗೆ ಉತ್ತರವಾಗಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂತು. ಆದರೆ ನಿಷೇಧವಾದದ್ದು ಸಾರಾಯಿ ಮಾತ್ರ. ಸಾರಾಯಿ ಪ್ಯಾಕೆಟ್ ಕುಡಿಯುತ್ತಿದ್ದ ಕೂಲಿಕಾರನ ಮುಂದೆ ಉಳಿದದ್ದು ಮೂರು ದಾರಿ: ಬಿಡುವುದು, ಕಳ್ಳಭಟ್ಟಿ ಹುಡುಕುವುದು, ಇಲ್ಲವೇ ವೈನ್ ಶಾಪ್‌ನ ಅಗ್ಗದ ವಿಸ್ಕಿ, ಬ್ರಾಂದಿಗೆ ತಿರುಗುವುದು. ಹೆಚ್ಚಿನವರು ಹಿಡಿದದ್ದು ಮೂರನೆಯದನ್ನು. ಸರ್ಕಾರವೇ ಎಂಎಸ್‌ಐಎಲ್ ಎಂಬ ತನ್ನದೇ ಕಂಪನಿಯ ಮಳಿಗೆಗಳಿಗೆ ಮದ್ಯ ಮಾರುವ ಸಿಎಲ್-11ಸಿ ಪರವಾನಗಿ ಕೊಟ್ಟು ಆ ದಾರಿ ಅಗಲ ಮಾಡಿತು.

ಇಲ್ಲಿ ಲೆಕ್ಕ ಹಾಕಿ ನೋಡಬೇಕು. 100 ಮಿ.ಲೀ. ಸಾರಾಯಿ ಪ್ಯಾಕೆಟ್‌ನಲ್ಲಿ ಸುಮಾರು ಶೇ 33 ಆಲ್ಕೋಹಾಲ್, ಅಂದರೆ 33 ಮಿ.ಲೀ. ಶುದ್ಧ ಆಲ್ಕೋಹಾಲ್. ಅದರ ಜಾಗಕ್ಕೆ ಬಂದ 90 ಮಿ.ಲೀ. ಟೆಟ್ರಾ ಪ್ಯಾಕ್‌ನಲ್ಲಿ ಶೇ 42.8, ಅಂದರೆ 38.5 ಮಿ.ಲೀ. ಪ್ಯಾಕೆಟ್ ಚಿಕ್ಕದಾಯಿತು, ಒಳಗಿನ ಮಾಲು ಹೆಚ್ಚಾಯಿತು. ದಿನಕ್ಕೆ ಮೂರು ಪ್ಯಾಕೆಟ್‌ನ ಅಭ್ಯಾಸ ಇದ್ದವನು ಸಂಖ್ಯೆ ಬದಲಿಸದೆಯೇ ದಿನಕ್ಕೆ 16 ಮಿ.ಲೀ.ಯಷ್ಟು ಹೆಚ್ಚು ಆಲ್ಕೋಹಾಲ್ ಕುಡಿಯತೊಡಗುತ್ತಾನೆ, ಅದೂ ಹೆಚ್ಚು ದುಡ್ಡು ಕೊಟ್ಟು. ಯಕೃತ್ತಿಗೆ ಲೇಬಲ್ ಓದಲು ಬರುವುದಿಲ್ಲವಲ್ಲ.

ಎರಡನೆಯ ದಾರಿ, ಅಂದರೆ ಕಳ್ಳಭಟ್ಟಿ, ಹಿಡಿದವರ ಗತಿ 2008ರ ಮೇ ತಿಂಗಳಲ್ಲಿ ಗೊತ್ತಾಯಿತು. ವಿಧಾನಸಭಾ ಚುನಾವಣೆಯ ಹಂತಗಳ ನಡುವೆ ಬೆಂಗಳೂರು, ಕೋಲಾರ ಭಾಗದಲ್ಲಿ, ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿಯಲ್ಲಿ ವಿಷಮದ್ಯ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಾಗೆಂದು ನಿಷೇಧವೇ ಸಾವಿಗೆ ಕಾರಣ ಎನ್ನುವುದು ಅರ್ಧ ಸತ್ಯ. 1981ರ ಜುಲೈನಲ್ಲಿ, ಸಾರಾಯಿ ಕಾನೂನುಬದ್ಧವಾಗಿ ಸಿಗುತ್ತಿದ್ದಾಗಲೇ, ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೀಗೆಯೇ ಸತ್ತಿದ್ದರು.

ಎರಡು ಸಲವೂ ಕೊಂದದ್ದು ಮೆಥನಾಲ್. ಬೆಲ್ಲದ ಕೊಳೆ ಕಾಯಿಸಿ ಇಳಿಸಿದ ಭಟ್ಟಿಯಲ್ಲಿ ಮೆಥನಾಲ್ ತೀರಾ ಕಡಿಮೆ. ಬರೀ ಭಟ್ಟಿಯಿಂದ ಊರಿಗೆ ಊರೇ ಸಾಯುವುದಿಲ್ಲ. ಥಿನ್ನರ್, ಅಂಟಿನ ಉದ್ಯಮಕ್ಕೆಂದು ಬರುವ ಮೆಥನಾಲ್ ಅಗ್ಗ. ನೋಟಕ್ಕೆ, ಮೂಗಿಗೆ ಸ್ಪಿರಿಟ್‌ನಂತೆಯೇ. ನೀರು, ಬಣ್ಣ ಸೇರಿಸಿ ಸೆಕೆಂಡ್ಸ್ ಮಾಡುವವನ ಕೈಗೆ ಅದು ಸಿಕ್ಕಿತೆಂದರೆ ಅನಾಹುತ. ಹತ್ತು ಮಿ.ಲೀ. ಕಣ್ಣು ಕಳೆಯಬಹುದು, ಮೂವತ್ತು ಮಿ.ಲೀ. ಜೀವ ತೆಗೆಯಬಹುದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಲು ಹೊತ್ತು ಹಿಡಿಯುವುದರಿಂದ ಮೊದಲ 12ರಿಂದ 24 ಗಂಟೆ ಬರೀ ನಿಶೆ ಇಳಿದ ಸುಸ್ತಿನಂತೆ ಕಾಣುತ್ತದೆ. ಜೊತೆಗೆ ಮಾಮೂಲಿ ಮದ್ಯವನ್ನೂ ಕುಡಿದಿದ್ದರೆ ಇನ್ನೂ ತಡ. ಮನೆಯವರು ಮಜ್ಜಿಗೆ ಕುಡಿಸಿ ಮಲಗಿಸಿದರೆ ಆ ಹೊತ್ತು ಕಳೆದೇ ಹೋಗುತ್ತದೆ. ಕಣ್ಣಿಗೆ ಮಂಜು ಕವಿದಂತಾಗಿ ಉಸಿರು ಜೋರಾಯಿತೆಂದರೆ ರಕ್ತ ಆಗಲೇ ಆಮ್ಲೀಯವಾಗಿದೆ. ಆಗ ಬೇಕಾದದ್ದು ಬೈಕಾರ್ಬನೇಟ್, ಡಯಾಲಿಸಿಸ್, ಮತ್ತು ಮೆಥನಾಲ್ ಒಡೆಯುವ ಕಿಣ್ವವನ್ನು ತಡೆಯುವ ಫೊಮೆಪಿಜೋಲ್. ಅದು ಸಿಗದ ಕಡೆ ವೈದ್ಯರು ಅಳತೆ ಮಾಡಿ ಎಥನಾಲ್ ಅನ್ನೇ ಕೊಡುತ್ತಾರೆ. ಕಿಣ್ವ ಮೊದಲು ಅದರ ಬೆನ್ನು ಹತ್ತುತ್ತದೆ.

ಸಗಟು ವ್ಯಾಪಾರ 2003ರಿಂದಲೇ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ, ಆದ್ದರಿಂದ ಗೋದಾಮಿನಿಂದ ಹೊರಟ ಪ್ರತಿ ಪೆಟ್ಟಿಗೆಗೂ ಲೆಕ್ಕ ಉಂಟು. ಲೆಕ್ಕ ತಪ್ಪುವುದು ಅಂಗಡಿಯ ಕೌಂಟರ್ ದಾಟಿದ ಮೇಲೆ. ಸಿಎಲ್-2 (ಮದ್ಯದಂಗಡಿ) ಮತ್ತು ಸಿಎಲ್-9 (ಬಾರ್) ಹೊಸ ಪರವಾನಗಿಗಳಿಗೆ 1992ರಿಂದ ತಡೆ ಬಿದ್ದದ್ದರಿಂದ ಎಷ್ಟೋ ಹಳ್ಳಿಗಳಲ್ಲಿ ಅಂಗಡಿ ಇಲ್ಲ, ಆದರೆ ಮದ್ಯ ಇದೆ. ಒಬ್ಬ ವ್ಯಕ್ತಿ ತನ್ನ ಬಳಿ ಇಟ್ಟುಕೊಳ್ಳಬಹುದಾದ ಮದ್ಯ 2.3 ಲೀಟರ್. 90 ಮಿ.ಲೀ.ಯ 25 ಪ್ಯಾಕೆಟ್ ಸೇರಿದರೆ 2.25 ಲೀಟರ್. ಬೈಕ್‌ನ ಚೀಲದಲ್ಲಿ 25 ಪ್ಯಾಕೆಟ್ ಸಿಕ್ಕರೆ ಮಿತಿ ಮೀರಿಲ್ಲ; ಮಾರಾಟಕ್ಕೆಂದೇ ಒಯ್ಯುತ್ತಿದ್ದ ಎಂದು ಸಾಬೀತು ಮಾಡಬೇಕು. ಅದರ ಬದಲು ಸಾರ್ವಜನಿಕ ಸ್ಥಳದಲ್ಲಿ ಕುಡಿಯಲು ಅವಕಾಶ ಕೊಟ್ಟನೆಂದು ಅಬಕಾರಿ ಕಾಯ್ದೆಯ ಕಲಂ 15(ಎ), 32(3)ರ ಕೇಸು ಹಾಕುವುದು ಸುಲಭ. ದಂಡ ಕಟ್ಟಿದವನು ಮರುದಿನ ಪ್ಯಾಕೆಟ್ ಮೇಲೆ ಇನ್ನೊಂದಿಷ್ಟು ಏರಿಸಿ ಅದನ್ನು ವಸೂಲು ಮಾಡಿಕೊಳ್ಳುತ್ತಾನೆ.

ಇದರ ವಿರುದ್ಧವೇ 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದು ಬಂದರು. ರಾಯಚೂರು ಕಡೆಯವರೇ ಹೆಚ್ಚಿದ್ದ ಆ ಗುಂಪಿನ ಬೇಡಿಕೆ ಸಂಪೂರ್ಣ ನಿಷೇಧ. ಮಹಾರಾಷ್ಟ್ರದಲ್ಲಿ ಮಹಿಳೆಯರು ಮತ ಹಾಕಿ ಮದ್ಯದಂಗಡಿ ಮುಚ್ಚಿಸುವ ನಿಯಮವಾದರೂ ಇದೆ. ಇಲ್ಲಿ ಕೊಟ್ಟ ಮನವಿಗೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಸಿಕ್ಕರೆ ಅದೇ ದೊಡ್ಡದು. ಅಬಕಾರಿ ವರಮಾನಕ್ಕಿಂತ ಕುಡಿತದಿಂದಾಗುವ ನಷ್ಟವೇ ಹೆಚ್ಚು ಎಂದು ನಿಮ್ಹಾನ್ಸ್‌ನ ಸಂಶೋಧಕರು 2000ದ ಸುಮಾರಿಗೇ ಲೆಕ್ಕ ಹಾಕಿ ತೋರಿಸಿದ್ದರು. ವರಮಾನ ಒಂದು ಇಲಾಖೆಯ ಖಾತೆಗೆ ಬರುತ್ತದೆ, ನಷ್ಟ ಆಸ್ಪತ್ರೆಗಳಿಗೂ ಮನೆಗಳಿಗೂ ಹಂಚಿಹೋಗುತ್ತದೆ. ಬಜೆಟ್ ಭಾಷಣದಲ್ಲಿ ಮೊದಲನೆಯದಕ್ಕೆ ಮಾತ್ರ ಸಾಲು ಇರುತ್ತದೆ.

ಮಾದಕ ವಸ್ತುಗಳ ಕಾನೂನು ಬೇರೆಯೇ ಹಾದಿಯಲ್ಲಿ ಬೆಳೆಯಿತು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದುವುದೇ ಅಪರಾಧ. ಚಿಕಿತ್ಸೆಗೆ ತಾನಾಗಿ ಮುಂದೆ ಬರುವ ವ್ಯಸನಿಗೆ 64ಎ ಕಲಂ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ, ಆದರೆ ಠಾಣೆಯಲ್ಲಿ ಅದನ್ನು ಅವನಿಗೆ ಹೇಳುವವರು ಅಪರೂಪ. ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಾಂಜಾ, ಭಂಗಿ ಬಳಸುವವರು ಸುಮಾರು 3 ಕೋಟಿ, ಮದ್ಯ ಕುಡಿಯುವವರು 16 ಕೋಟಿ. ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ.

ಚಿಕಿತ್ಸೆಯ ಕೊರತೆ ಎಷ್ಟೆಂದು ಲಾಕ್‌ಡೌನ್ ತೋರಿಸಿತು. 2020ರ ಮಾರ್ಚ್ ಕೊನೆಯಲ್ಲಿ ಮುಚ್ಚಿದ ಅಂಗಡಿಗಳು ಮೇ 4ಕ್ಕೆ ತೆರೆದವು. ಮರುದಿನ ಒಂದೇ ದಿನ ರಾಜ್ಯದಲ್ಲಿ 197 ಕೋಟಿ ರೂಪಾಯಿ ಮದ್ಯ ಮಾರಾಟವಾಯಿತು. ಪತ್ರಿಕೆಗಳು ಸರತಿ ಸಾಲಿನ ಫೋಟೊ ಹಾಕಿದವು. ಅದಕ್ಕೂ ಮುಂಚಿನ ವಾರಗಳಲ್ಲಿ ಕೈ ನಡುಗಿ, ಫಿಟ್ಸ್ ಬಂದು ಒದ್ದಾಡಿದವರ ಫೋಟೊ ಇರಲಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ದಿಗ್ಭ್ರಾಂತಿ. ಡಯಾಜೆಪಾಮ್ ಗುಂಪಿನ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಡಬೇಕು. ಗ್ಲೂಕೋಸ್ ಡ್ರಿಪ್ ಏರಿಸುವ ಮುಂಚೆ ಥಯಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಡಬೇಕು. ಹಿಂದುಮುಂದಾದರೆ ಮಿದುಳಿಗೆ ಶಾಶ್ವತ ಹಾನಿಯ ಭಯವಿದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಬುಧವಾರ ಕುಡಿತ ಬಿಟ್ಟವನಿಗೆ ಅಪಾಯದ ಗಂಟೆಗಳು ಶುಕ್ರವಾರ, ಶನಿವಾರ ಬರುತ್ತವೆ. ಆ ದಿನ ಪಾಳಿಯಲ್ಲಿರುವ ವೈದ್ಯರಿಗೆ ಈ ಕ್ರಮ ಗೊತ್ತಿರಬೇಕು, ಔಷಧ ಕೊಠಡಿಯಲ್ಲಿ ಥಯಮಿನ್ ಇರಬೇಕು.